‘ತವರಿಗೆ’ ಎನ್ನುವಲ್ಲಿ ಒಂದು ಉಸಿರು

ಅಕ್ಕನನ್ನು ರೈಲು ಹತ್ತಿಸಿ ಕಾಚಿಗೂಡ ಸ್ಟೇಷನ್ನಿನಿಂದ ಹೊರಗೆ ಬರುತ್ತಿದ್ದೆ. ಗಿಡಮೂಲಿಕೆ ಮಾರುವ ಅಂಗಡಿಯೊಂದರ ಮುಂದೆ ಜ್ಯೇಷ್ಠಮಧುವಿನ ವಾಸನೆ ಮೂಗಿಗೆ ಬಡಿಯಿತು. ನಿಮಗದು ಕೆಮ್ಮಿನ ಔಷಧಿ ಇರಬಹುದು. ನನಗೆ ಅದೆಂದರೆ ಶಾಂತಾ ಮೇಡಂ. ಕಾಲೇಜಿನ ಗಾಯನ ತಂಡದ ಅಭ್ಯಾಸಕ್ಕೆ ಮೊದಲು ಎಲ್ಲರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ನನಗೆ ಮಾತ್ರ ಎರಡು. ನನ್ನ ದನಿಗೆ ಔಷಧಿ ಹೆಚ್ಚು ಬೇಕೆಂಬುದು ಅವರ ನಂಬಿಕೆ. ತಂಡದವರ ನಂಬಿಕೆಯೂ ಅದೇ ಆಗಿತ್ತು.

ಮೇಡಂ ಬೀದರಿನವರು, ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಹಾಡು ಅವರ ಹುಚ್ಚು. ಹೈದರಾಬಾದಿನ ಗೋಡೆಗಳೆಲ್ಲ ಕಂಪ್ಯೂಟರ್ ಕೋರ್ಸುಗಳ ಜಾಹೀರಾತಿನಿಂದ ತುಂಬಿದ್ದ ಆ ಕಾಲದಲ್ಲಿ ಅವರೂ ಇಂಟರ್ನೆಟ್ ಸೆಂಟರಿಗೆ ಹೋದರು. ನಾರ್ವೆಯ ವಿದ್ಯಾರ್ಥಿಗಳ ಗಾಯನ ತಂಡವೊಂದನ್ನು ಹುಡುಕಿಕೊಂಡು ಬಂದರು. ಅದರ ನಾಯಕಿ ಇಂಗ್ರಿಡ್ ಎಂಬ ಹುಡುಗಿ. ಅವರ ಹಾಡು ನಾವು ಕಲಿಯುವುದು, ನಮ್ಮದು ಅವರು. ಚಳಿಗಾಲದಲ್ಲಿ ಅವರು ಇಲ್ಲಿಗೆ ಬಂದಾಗ ಕೂಡಿ ಹಾಡುವುದು ಎಂದಾಯಿತು. ನೆಟ್ಟಿನಲ್ಲಿ ಹಾಡು ಕಳಿಸುವುದು ಆಗದ ಮಾತು, ಅಂಚೆಯಲ್ಲಿ ಕ್ಯಾಸೆಟ್ಟುಗಳು ಓಡಾಡಿದವು. ಕಬ್ಬಿನ ಹಾಲಿನ ಲೋಟದಲ್ಲಿ ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ನೋಡದ ನಾವು ಹಿಮದ ಹಾಡು ಕಲಿತೆವು.

ನಾವು ಕಳಿಸಿದ್ದು ಮೇಡಂ ಅವರ ತಾಯಿ ಬೀಸುವಾಗ ಹಾಡುತ್ತಿದ್ದ ಹಾಡು. ಮುಂದಾಳಾಗಿ ಹಾಡಿದವನು ಹೈದರಾಬಾದಿನ ಹಳೇ ಊರಿನ ಯೂಸುಫ್. ಕನ್ನಡ ಬಾರದು, ಸಾಲುಗಳನ್ನು ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ. ಅವನು ಬಾಯಿ ತೆರೆದರೆ ನಾನು ನನ್ನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ; ತಂಡಕ್ಕೂ ಅದರಿಂದ ಲಾಭವೇ. ಒಂದೇ ತೊಡಕು. ‘ತವರಿಗೆ’ ಎನ್ನುವಲ್ಲಿ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ‘ತವ’ ಎಂದು ನಿಂತು, ಉಸಿರೆಳೆದು, ‘ರಿಗೆ’ ಎನ್ನುತ್ತಿದ್ದ.

“ಲಫ್ಜ್ ಕೂ ನಕ್ಕೋ ತೋಡ್ ಬಾಬಾ,” ಶಬ್ದ ಮುರೀಬೇಡಪ್ಪಾ ಎಂದು ಮೇಡಂ ಅವನ ಭಾಷೆಯಲ್ಲೇ ಬೇಡಿಕೊಳ್ಳುವರು. ಕ್ಯಾಸೆಟ್ಟಿನಲ್ಲೂ ಅದು ಹಾಗೇ ಉಳಿಯಿತು.

ಆ ವರ್ಷವೇ ಕಂಪನಿಗಳು ಕಾಲೇಜಿಗೆ ಬಂದು ತಂಡವನ್ನು ಖಾಲಿ ಮಾಡಿದವು. ಯೂಸುಫನಿಗೆ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸವಾಯಿತು. ಯಾವ ಕಂಪನಿಗೂ ಬೇಡವಾದ ನಾನು ಮತ್ತು ಇನ್ನಿಬ್ಬರು ಉಳಿದೆವು. ಮಳೆಗಾಲದಲ್ಲಿ ಒಂದು ದಿನ ಯೂಸುಫ್ ಕೂತಿದ್ದ ಕ್ಯಾಬು ನಿಂತ ಲಾರಿಗೆ ಗುದ್ದಿತು. ಅವನು ಉಳಿಯಲಿಲ್ಲ.

“ಇಂಗ್ರಿಡ್‌ಗ ಹೆಂಗ ಬರೀಲಿ ತಂಗಿ? ನನ್ನ ಕೈಲೆ ಆಗವಲ್ದು. ನೀನಾರ ಬರಿ,” ಎಂದರು ಮೇಡಂ. ಕೀಬೋರ್ಡಿನ ಮುಂದೆ ಕೂತೆ. ನನ್ನಿಂದಲೂ ಆಗಲಿಲ್ಲ.

ಚಳಿಗಾಲದಲ್ಲಿ ನಾರ್ವೆಯವರು ಬಂದರು. ನಾವು ಮೂವರು ಹಾರ ಹಿಡಿದು ನಿಂತಿದ್ದೆವು. ಉಳಿದವರೆಲ್ಲಿ ಎಂದು ಕೇಳಿದಾಗ ಮೇಡಂ, ಕೆಲಸಕ್ಕೆ ಹೋಗಿದ್ದಾರೆ ಎಂದರು. ಅಭ್ಯಾಸ ಶುರುವಾಯಿತು. ಬೀಸುವ ಹಾಡನ್ನು ಅವರು ಎಷ್ಟು ಚೆಂದ ಹಾಡಿದರೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ಆ ಸಾಲು ಬಂತು. ‘ತವ’ ಎಂದು ಇಡೀ ತಂಡ ನಿಂತಿತು. ಒಟ್ಟಿಗೆ ಉಸಿರೆಳೆಯಿತು. ‘ರಿಗೆ’ ಎಂದಿತು.

ತಡೆಯಲು ಎತ್ತಿದ ಕೈಯನ್ನು ಮೇಡಂ ಹಾಗೇ ಕೆಳಗಿಳಿಸಿದರು.

“ಅಲ್ಲಿ ಉಸಿರು ತಗೊಂಡದ್ದು ಸರಿಯೇ? ಕ್ಯಾಸೆಟ್ಟಿನಲ್ಲಿ ಹಾಗಿತ್ತು,” ಎಂದು ಇಂಗ್ರಿಡ್ ಇಂಗ್ಲಿಷಿನಲ್ಲಿ ಕೇಳಿದಳು.

“ಸರಿ,” ಎಂದರು ಮೇಡಂ. “ಅಲ್ಲೇ ತಗೋಬೇಕು.” ನಮ್ಮ ಕಡೆ ತಿರುಗಿ ಮೆಲ್ಲಗೆ, “ನೀವೂ ಅಲ್ಲೇ ಮುರೀರಿ,” ಎಂದರು.

ಕಾರ್ಯಕ್ರಮದ ದಿನ ನಾವೆಲ್ಲ ಆ ಶಬ್ದ ಮುರಿದೇ ಹಾಡಿದೆವು. ಕನ್ನಡ ಬಲ್ಲ ಯಾರೋ ಮುಂದಿನ ಸಾಲಿನಲ್ಲಿ ನಕ್ಕರು.

“ಅವರಿಗೆ ಯೂಸುಫನ ವಿಷಯ ಹೇಳಬೇಕಿತ್ತೇನ್ರಿ ಮೇಡಂ?” ಎಂದೆ ಆಮೇಲೆ.

“ಅವರು ಊರು ಮುಟ್ಲಿ, ಬರೀತೀನಿ. ಮೊದಲ ಹೇಳಿದ್ರ ಯಾರಿಗೂ ಹಾಡಾಕ ಆಗತಿರಲಿಲ್ಲ.”

ಬರೆದರು. ಮುಂದೆಯೂ ಹಾಗೆಯೇ ಹಾಡುತ್ತೇವೆ ಎಂದು ಇಂಗ್ರಿಡ್ ಉತ್ತರಿಸಿದಳು. ಆಮೇಲಾಮೇಲೆ ಪತ್ರಗಳು ನಿಂತವು. ನಮ್ಮ ಅಭ್ಯಾಸದ ಕೋಣೆ ಕಂಪ್ಯೂಟರ್ ಲ್ಯಾಬ್ ಆಯಿತು.

ಕಾಚಿಗೂಡದಿಂದ ನಾನು ಮನೆಗೆ ಹೋಗಲಿಲ್ಲ, ಪಟಾನ್‌ಚೆರುವಿನ ಬಸ್ಸು ಹತ್ತಿದೆ. ನಿವೃತ್ತರಾದ ಮೇಲೆ ಮೇಡಂ ಅಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಬಹಳ ದಿನಗಳಿಂದ ನನ್ನ ಫೋನು ಎತ್ತಿರಲಿಲ್ಲ, ಸಿಟ್ಟಿರಬೇಕು ಎಂದುಕೊಂಡಿದ್ದೆ.

ನನ್ನನ್ನು ಕಂಡು ಮುಖ ಅರಳಿತು. ಹೇಗಿದ್ದೀರಿ ಎಂದರೆ, “ಚಾ ಕುಡೀತಿಯೇನು?” ಎಂದರು. ಅಕ್ಕ ಬಂದಿದ್ದಳು ಎಂದರೆ, “ಹೌದೌದು, ಬಿಸಿಲು ಭಾಳ ಐತಿ,” ಎಂದರು. ಕಾರ್ಖಾನೆಗಳ ನಾತ ಬರುತ್ತದೆಂದು ಕಿಟಕಿ ಮುಚ್ಚಿ, ಎದುರಿಗೆ ಕೂತು, “ಒಂದು ಹಾಡು ತಂಗಿ,” ಎಂದರು.

ಹಿಮದ ಹಾಡು ಶುರು ಮಾಡಿದೆ. ಹಾಡು ಕೇಳುವಾಗ ಸದಾ ಕಣ್ಣು ಮುಚ್ಚುತ್ತಿದ್ದ ಮೇಡಂ ಈಗ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಫೋನು ಯಾಕೆ ಎತ್ತಿರಲಿಲ್ಲವೆಂದು ಆಗ ತಿಳಿಯಿತು. ಮಂಡಿಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ಅದು ನಾನು ಹಾಡುತ್ತಿದ್ದ ತಾಳವಾಗಿರಲಿಲ್ಲ. ಇನ್ನೂ ನಿಧಾನವಾದ, ಅವರೊಳಗೇ ನಡೆಯುತ್ತಿದ್ದ ಯಾವುದೋ ಹಾಡಿನದು.

ನಾನು ನಿಲ್ಲಿಸಲಿಲ್ಲ. ದನಿಯನ್ನು ನಿಧಾನ ಮಾಡಿ, ಆ ಬೆರಳನ್ನು ನೋಡುತ್ತ, ಅದರ ಹಿಂದೆ ಹಿಂದೆಯೇ ಹಾಡಿದೆ.