ಅವ್ವನ ಬೆಣ್ಣೆ, ಅಪ್ಪನ ಪಿತ್ತಕೋಶ

ಸೊಸೆ ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದಾಳೆ. ಆ ಘಮಕ್ಕೆ ನನ್ನ ಮೂಗರಳಿದ್ದು ಕಂಡು, "ಅತ್ತೆ, ನಾಳೆ ನಿಮ್ಗೆ ಲಿವರ್ ಸ್ಕ್ಯಾನು. ಇವತ್ತು ಜಿಡ್ಡು ಮುಟ್ಟಂಗಿಲ್ಲ" ಎಂದಳು. ಎಂಬತ್ತು ದಾಟಿದರೂ ನಾಲಿಗೆಗೆ ವಯಸ್ಸಾಗಿಲ್ಲ, ನೋಡಿ. ಅದೂ ಅಲ್ಲದೆ ನನ್ನ ತವರಿನಲ್ಲಿ ಬೆಣ್ಣೆಗೂ ಡಾಕ್ಟರಿಗೂ ಹಳೆಯ ವ್ಯಾಜ್ಯ.

ಆಗ ಸ್ಕ್ಯಾನ್ ಎಂಬ ಮಾತೇ ಇರಲಿಲ್ಲ. ಐವತ್ತರ ದಶಕ, ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಇಲವಾಲದ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಬಂದ ಅಪ್ಪ ಕುಂಬಾರಕೊಪ್ಪಲಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಊಟವಾದ ಮೇಲೆ ಬಲಪಕ್ಕೆ ಹಿಡಿದು ಬಾಗಿಬಿಡುತ್ತಿದ್ದರು. ಲಿವರ್ ಕೆಳಗಿನ ಪಿತ್ತಕೋಶವೆಂಬ ಚೀಲದಲ್ಲಿ ಕಲ್ಲಿರಬಹುದು, ಎಕ್ಸ್‌ರೇ ತೆಗೆಯೋಣ ಎಂದರು ಡಾಕ್ಟರು. ಅದಕ್ಕೊಂದು ಸಿದ್ಧತೆ: ಹಿಂದಿನ ಸಂಜೆ ಜಿಡ್ಡು ಸೋಕದ ಊಟ, ಮೇಲೆ ಕೆಲವು ಮಾತ್ರೆ. ಬೆಳಗಾಗುವುದರೊಳಗೆ ಮಾತ್ರೆಯ ಮದ್ದು ಆ ಚೀಲ ಸೇರಿ ಅದನ್ನು ಫಿಲಮ್ಮಿನಲ್ಲಿ ಕಾಣಿಸುತ್ತದಂತೆ. ಅವ್ವ ಬಲು ನಿಷ್ಠೆಯಿಂದ ಮುದ್ದೆ, ಒಗ್ಗರಣೆಯಿಲ್ಲದ ಸಪ್ಪೆ ಸಾರು ಬಡಿಸಿದಳು.

ಮರುದಿನ ಫಿಲಮ್ಮಿನಲ್ಲಿ ಪಕ್ಕೆಲುಬುಗಳಿದ್ದವು, ಚೀಲವಿರಲಿಲ್ಲ.

"ಕೆಲಸಾನೇ ನಿಲ್ಲಿಸಿದ ಹಾಗಿದೆ. ಆಪರೇಷನ್ ಮಾಡಿ ತೆಗೀಬೇಕಾಗಬಹುದು" ಎಂದರು ಡಾಕ್ಟರು.

ಹೊಟ್ಟೆ ಕುಯ್ಯಿಸಿಕೊಂಡು ಎದ್ದು ಬಂದವರನ್ನು ನಮ್ಮ ಬೀದಿ ಇನ್ನೂ ಕಂಡಿರಲಿಲ್ಲ. ಅವ್ವ ಅತ್ತೇಬಿಟ್ಟಳು. "ಜಿಡ್ಡು ಒಂದು ತೊಟ್ಟೂ ಆಕ್ನಿಲ್ಲ ಸ್ವಾಮಿ. ಆ ಮಾತ್ರೆ ಉಷ್ಣ ಅಂತ ತಂಪಿಗೆ ಒಂದುಂಡೆ ಬೆಣ್ಣೆ ಕೊಟ್ಟೆ, ಅಷ್ಟೇಯ."

"ಬೆಣ್ಣೆ ಜಿಡ್ಡಲ್ವೇನಮ್ಮ?"

"ತುಪ್ಪ ಜಿಡ್ಡು. ಬೆಣ್ಣೆ ತಂಪು ಸ್ವಾಮಿ."

ನಮ್ಮ ಕಡೆ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಸೈನ್ಸ್ ಓದುತ್ತಿದ್ದೇನೆಂದು ಬೀಗುತ್ತಿದ್ದ ನನಗೂ ಅವ್ವನ ಮಾತು ಸರಿಯೆಂದೇ ತೋರಿತು.

ಕೆಲವು ದಿನ ಬಿಟ್ಟು ಮತ್ತೆ ಮಾತ್ರೆ, ಈ ಸಲ ಬೆಣ್ಣೆಯಿಲ್ಲದೆ, ಮತ್ತೆ ಎಕ್ಸ್‌ರೇ. ಡಾಕ್ಟರು ಇನ್ನೂ ಒದ್ದೆಯಿದ್ದ ಫಿಲಮ್ಮನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬಿನ ಕೆಳಗೆ, ಎಳೆ ಬದನೆಕಾಯಿಯ ಹಾಗೆ, ಬೆಳ್ಳಗೆ ಒಂದು ಚೀಲ! ಕಲ್ಲಿನ ಗುರುತೇ ಇಲ್ಲ. ಆಮೇಲೆ ಅವರು ಅವ್ವನತ್ತ ತಿರುಗಿ, "ಈಗ ಕೊಡಿಯಮ್ಮ ನಿಮ್ಮ ಬೆಣ್ಣೆ" ಎಂದರು. ತಮಾಷೆಯಲ್ಲ, ಪರೀಕ್ಷೆಯ ಎರಡನೇ ಭಾಗವೇ ಅದು. ತರಲು ಮೊದಲೇ ಹೇಳಿದ್ದರು. ಸ್ವಲ್ಪ ಹೊತ್ತಿನ ನಂತರದ ಫಿಲಮ್ಮಿನಲ್ಲಿ ಅದೇ ಚೀಲ ಹಿಂಡಿದಂತೆ ಕುಗ್ಗಿತ್ತು.

"ಲಿವರ್ ಮಾಡೋ ಪಿತ್ತಾನ ಇದು ಕೂಡಿಟ್ಕೊಂಡಿರತ್ತೆ. ಜಿಡ್ಡು ಬಂತು ಅಂದ ಕೂಡ್ಲೇ ಹಿಂಡಿ ಕಳಿಸತ್ತೆ. ಮೊನ್ನೆ ನಿಮ್ಮ ಬೆಣ್ಣೆಗೆ ಮೊದಲೇ ಖಾಲಿಯಾಗಿತ್ತು. ಆಪರೇಷನ್ ಬೇಡ. ನೋವು ಹೊಟ್ಟೆಹುಣ್ಣಿಂದಿರಬೇಕು, ಔಷಧೀಲೇ ಹೋಗತ್ತೆ."

"ಟ್ಯೂಬನ್ನ ನೀರಲ್ಲಿ ಮುಳುಗ್ಸಿ ನೋಡ್ದಂಗೆ ನೋಡ್ಬುಟ್ರಲ್ಲ!" ಎಂದು ಅಪ್ಪ ನಕ್ಕರು. ಅವ್ವ ನಗಲಿಲ್ಲ.

"ನಾನ್ ಕೊಟ್ಟಿದ್ದು ಬಂತು ಅಂತ ಕತ್ಲೊಳಗೆ ಕೂತಿರೋ ಅದಕ್ಕೆ ಎಂಗ್ ಗೊತ್ತಾಯ್ತು?" ಎಂದವಳೇ ಆ ಫಿಲಮ್ಮಿಗೆ ಕೈಮುಗಿದಳು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಅವಳು ಬಡಿಸಿದ್ದನ್ನೆಲ್ಲ, ನಾವು ಹೆಸರೂ ಕೇಳಿರದ ಆ ಪುಟ್ಟ ಚೀಲ ಕಾದು ಕುಳಿತು ಬರಮಾಡಿಕೊಂಡಿತ್ತು!

ನಾಳೆಯ ಸ್ಕ್ಯಾನಿಗೆ ಹೆದರಿಕೆಯಿಲ್ಲವೆಂದರೆ ಸುಳ್ಳು. ಬೆಳಗಿನಿಂದ ಬಲಪಕ್ಕೆಯನ್ನು ಒತ್ತಿ ಒತ್ತಿ ನೋವು ಹುಡುಕುತ್ತಿದ್ದೆ. ಈಗ ಅದೇ ಜಾಗದ ಮೇಲೆ ಕೈ ಸುಮ್ಮನೆ ಇಟ್ಟುಕೊಂಡು ಕೂತಿದ್ದೇನೆ. ಅವ್ವ ನನ್ನ ಬಾಯಿಗಿಟ್ಟ ಮೊದಲ ಬೆಣ್ಣೆಯೂ ಇದಕ್ಕೆ ಗೊತ್ತು.

"ಕಾಯಿಸದೆ ಒಂದುಂಡೆ ಎತ್ತಿಡಮ್ಮ, ನಾಳೆ ಬಂದ ಮೇಲೆ ಬೇಕು. ಕಾಯ್ತಾ ಇರತ್ತೆ" ಎಂದೆ.

"ಯಾವುದು ಅತ್ತೆ?"

ನಾನು ಪಕ್ಕೆ ತೋರಿಸಿದೆ.