ಸುಗುಣಳ ಬುಟ್ಟಿಗೆ ಇನ್ನೊಂದು ಕೈ

ಮೀನು ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೆ ಏರಿಸಲಾಗುವುದಿಲ್ಲ, ಇಳಿಸಲೂ ಆಗುವುದಿಲ್ಲ. ಇನ್ನೊಂದು ಕೈ ಬೇಕು. ಸಾಸ್ತಾನದ ನಮ್ಮ ನೆರೆಮನೆಯ ಸುಗುಣಳಿಗೆ ಮೂವತ್ತು ವರ್ಷ ಆ ಕೈ ಅವಳ ಗಂಡ ಕೊರಗನದು. ಈಗ ಎರಡು ವರ್ಷದಿಂದ ನನ್ನದು. ಬೆಳಿಗ್ಗೆ ಟೆಂಪೋದವರು ಅಂಗಳದಲ್ಲಿ ಮೀನು ಇಳಿಸಿ ಹೋದಮೇಲೆ ನನ್ನನ್ನು ಕರೆಯುತ್ತಾಳೆ. ಎಪ್ಪತ್ತು ದಾಟಿದ ಭುಜ, ನೋಯುತ್ತದೆ. ಆದರೂ ಹೋಗುತ್ತೇನೆ.

ಎರಡು ವರ್ಷದ ಹಿಂದೆ ಹೆದ್ದಾರಿ ದಾಟುವಾಗ, ತಕ್ಕಡಿ ಚೀಲ ಹಿಡಿದು ಮುಂದೆ ಹೋಗುತ್ತಿದ್ದ ಕೊರಗನಿಗೆ ಬೈಕು ಗುದ್ದಿತು. ಅವನು ಬಿದ್ದು ಕೂಗುತ್ತಿದ್ದರೆ ಇವಳು ಬುಟ್ಟಿ ಹೊತ್ತು ಕಂಬದ ಹಾಗೆ ನಿಂತೇ ಇದ್ದಳು. ಓಡಲಿಲ್ಲ, ಬುಟ್ಟಿ ಬಿಸಾಡಲಿಲ್ಲ. ಅವನನ್ನು ರಿಕ್ಷಾಕ್ಕೆ ಹಾಕಿದವರು ಬೇರೆ ಯಾರೋ. ಮೀನು ಮಾರ್ಕೆಟ್ಟಿನಲ್ಲಿ ಒಬ್ಬಳು ಅಂದೇಬಿಟ್ಟಳು:

"ಅಂದ್ ಬಂಗಡೆಗೆ ರೇಟ್ ಇತ್ತ್, ಗಂಡಂಗ್ ಇರ್ಲಿಲ್ಲ ಕಾಣಿ."

ಕೊರಗನ ಮುರಿದ ಕಾಲು ಕೂಡಿತು, ಕುಂಟು ಉಳಿಯಿತು. ಹೆಂಡತಿಯ ಜೊತೆ ಮಾತು ಬಿಟ್ಟ. ಬುಟ್ಟಿ ಮುಟ್ಟುವುದನ್ನೂ ಬಿಟ್ಟ.

"ಎಲ್ಲ ಕಾಂತಿತ್ತ್ ಅಕ್ಕ," ಎಂದಿದ್ದಳು ನನ್ನ ಹತ್ತಿರ. "ಕೈಕಾಲ್ ಮಾತ್ರ ನಂದಲ್ಲ ಅಂದ್ಹೇಳಿ ಆಯ್ತ್. ಯಾರಿಗ್ ಹೇಳುದ್?"

ನಾನು ನಂಬಿದೆ. ನನ್ನವರು ಜಗಲಿಯಲ್ಲಿ ಕುಸಿದ ದಿನ ನಾನೂ ಕೈಯಲ್ಲಿದ್ದ ಚೊಂಬು ಕೆಳಗಿಡಲಿಲ್ಲ. ನೋಡಿದವರು ಇರಲಿಲ್ಲ, ಅಷ್ಟೇ.

ಮೊನ್ನೆ ಮಧ್ಯಾಹ್ನ ಅವಳು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು, ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದೆ. ಜಗಲಿಯಲ್ಲಿ ಕೊರಗನ ಪಕ್ಕ ಅವರ ಮಗಳ ಮಗು ತೃಷಾ ಕೊಬ್ಬರಿ ಚೂರು ಕಚ್ಚುತ್ತಿತ್ತು. ಚೂರು ಗಂಟಲಲ್ಲಿ ಸಿಕ್ಕಿತು. ಮಗುವಿನ ತುಟಿ ನೀಲಿಯಾಯಿತು, ಸ್ವರವಿಲ್ಲ. ಮೊಳ ದೂರದಲ್ಲಿದ್ದ ಕೊರಗ ಕಣ್ಣು ಬಿಟ್ಟುಕೊಂಡು ಕುಳಿತೇ ಇದ್ದ. ಸುಗುಣ ಓಡಿಹೋಗಿ ಮಗುವನ್ನು ತೊಡೆಯ ಮೇಲೆ ಕವುಚಿ ಬೆನ್ನಿಗೆ ಗುದ್ದಿದಳು. ಚೂರು ಹೊರಗೆ ಬಿತ್ತು. ಮಗು ಅತ್ತಿತು.

ಅವಳು ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಕೊರಗ ತನ್ನ ಕೈಗಳನ್ನು ನೋಡಿಕೊಂಡು ಹೇಳಿದ:

"ನಂಗೆ ಕೈ ಎತ್ತುಕೇ ಆಯ್ಲಿಲ್ಲ ಮಾರಾಯ್ತಿ."

ಎರಡು ವರ್ಷದಲ್ಲಿ ಅವಳೊಡನೆ ಆಡಿದ ಮೊದಲ ಮಾತು. ಅವಳು ಹೂಂ ಎಂದು, ಅರ್ಧಕ್ಕೆ ಬಿಟ್ಟ ಬುಟ್ಟಿ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ನನ್ನನ್ನು ಯಾರೂ ಕರೆಯಲಿಲ್ಲ. ರೂಢಿಯ ಮೇಲೆ ಹೋದೆ. ಕೊರಗ ಕೋಲು ಊರಿಕೊಂಡು ಇನ್ನೊಂದು ಕೈಯಲ್ಲಿ ಬುಟ್ಟಿಯ ಅಂಚು ಹಿಡಿದು ನಿಂತಿದ್ದ. ಒಂದು ಕೈಗೆ ಅದು ಏಳುತ್ತಿರಲಿಲ್ಲ.

"ಹ್ವಾಯ್, ಆ ಬದಿ ಹಿಡ್ಕಣಿ," ಎಂದ ನನಗೆ.

ಹಿಡಿದೆ. ಬುಟ್ಟಿ ಅವಳ ತಲೆಯ ಮೇಲೆ ಸ್ವಲ್ಪ ವಾರೆಯಾಗಿ ಕೂತಿತು. ಸರಿಮಾಡಿಕೊಳ್ಳದೆ ಹಾಗೆಯೇ ಹೊರಟಳು.