ಟೀಚರ ಎದುರು ಕೂರದವರು

ಪುನರ್ಪುಳಿ ಶರಬತ್ತಿನ ರುಚಿಗಾಗಲಿ, ತಂಪಿಗಾಗಲಿ, ಲೋಟದಲ್ಲಿ ಹೊಳೆಯುವ ಅದರ ಕೆಂಪಿಗಾಗಲಿ ನನ್ನ ಯಾವ ಆಕ್ಷೇಪವೂ ಇಲ್ಲ. ಆದರೆ ಮೇ ತಿಂಗಳ ಒಂದೇ ಬೆಳಿಗ್ಗೆ ಪ್ರತಿ ಜಗಲಿಯಲ್ಲೂ ಒಂದೊಂದು ದೊಡ್ಡ ಲೋಟ ಕುಡಿದು, ಹೊಟ್ಟೆಯೊಳಗೆ ಕೊಡ ತುಳುಕಿಸಿಕೊಂಡು ನಡೆಯುವ ಹೆಂಗಸೊಬ್ಬಳು ಮಡಂತ್ಯಾರಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಕಂಡರೆ ದಯವಿಟ್ಟು ನಗಬೇಡಿ ಮಿತ್ರರೇ. ಆಕೆ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಒಂದನೇ ತರಗತಿಗೆ ಮಕ್ಕಳನ್ನು ಹುಡುಕಲು ಹೊರಟವಳು.

ಮೆಲ್ಕಾರಿನ ಹತ್ತಿರ ನಾನು ಕೆಲಸಕ್ಕೆ ಸೇರಿದಾಗ ಮಕ್ಕಳೇ ಶಾಲೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ತೋಡಾರಿಗೆ ವರ್ಗವಾದಾಗಲೂ ಒಂದನೇ ತರಗತಿಯ ಗದ್ದಲಕ್ಕೆ ನನ್ನ ಗಂಟಲು ಕಟ್ಟುತ್ತಿತ್ತು. ಕೊನೆಗೆ ಬೆಳ್ತಂಗಡಿಯ ಕಡೆಗೆ ಬಡ್ತಿ ಬಂತು. ಬಡ್ತಿಯೆಂದರೆ, ಇಷ್ಟು ವರ್ಷ ಕಲಿಸಿದ್ದಾಳೆ ಎಂಬ ಕಾರಣಕ್ಕೆ ಇನ್ನು ಕಲಿಸುವುದು ಸಾಕೆಂದು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಬೇಯಿಸಿದ ಮೊಟ್ಟೆಗೂ ಹಾಲಿನ ಪುಡಿಗೂ ಸೋರುವ ಹಂಚಿಗೂ ಉತ್ತರ ಹೇಳಿಸುವ ಒಂದು ಗೌರವ.

ಈ ವರ್ಷ ಒಂದನೇ ತರಗತಿಗೆ ಯಾರೂ ಸೇರಿರಲಿಲ್ಲ. ಊರಿನ ಮಕ್ಕಳನ್ನೆಲ್ಲ ಇಂಗ್ಲಿಷ್ ಶಾಲೆಯ ಹಳದಿ ಬಸ್ಸೊಂದು ಅಂಗಳದಿಂದಲೇ ಎತ್ತಿಕೊಂಡು ಹೋಗುತ್ತದೆ. ಈಗ ಒಂದನೆಯದು ಖಾಲಿಯಾದರೆ ಮುಂದಿನ ವರ್ಷ ಎರಡನೆಯದು ಖಾಲಿ, ಕೊನೆಗೆ ಶಾಲೆಯ ಬಾಗಿಲಿಗೇ ಬೀಗ. ಉಳಿದದ್ದು ಒಂದೇ ಮನೆ, ಶಶಿಕಲಾಳದ್ದು. ತೋಡಾರಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು ಈಗ ಈ ಊರಿನ ಸೊಸೆ; ಮಗಳು ಧನ್ವಿಗೆ ಶಾಲೆಯ ಪ್ರಾಯ.

ನನ್ನ ಬಳಿ ಆಯುಧವೊಂದಿತ್ತು. ನಮ್ಮ ಕಡೆ ಕಲಿಸಿದ ಟೀಚರ ಎದುರು ವಿದ್ಯಾರ್ಥಿಗಳು ಕೂರುವುದಿಲ್ಲ. ಪಂಚಾಯತಿನ ಅಧ್ಯಕ್ಷನಾಗಲಿ, ದುಬೈಯಿಂದ ಬಂದು ಹೋಟೆಲು ತೆರೆದವನಾಗಲಿ, ಟೀಚರನ್ನು ಕಂಡೊಡನೆ ಎದ್ದವನು ಅವರು ಹೋಗುವ ತನಕ ನಿಂತೇ ಇರುತ್ತಾನೆ. ಇಲಾಖೆ ಕೊಡದ ಅಧಿಕಾರವನ್ನು ಈ ಪದ್ಧತಿ ನನಗೆ ಕೊಟ್ಟಿದೆ, ಅದನ್ನು ದುರುಪಯೋಗ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಜಗಲಿಯ ಕುರ್ಚಿಗೆ ಆರಾಮವಾಗಿ ಒರಗಿ, ಕಂಬ ಹಿಡಿದು ನಿಂತ ಶಶಿಕಲಾಳಿಗೆ ಶಾಲೆಯ ಕೈತೋಟದಿಂದ ಹೊಸ ಶೌಚಾಲಯದ ತನಕ ವರ್ಣಿಸಿದೆ. ಅವಳು ಕಾಲು ಬದಲಿಸಿದಾಗಲೆಲ್ಲ ಇನ್ನೊಂದು ವಿಷಯ ತೆಗೆದೆ. "ಕೂತ್ಕೊಂಡು ಮಾತಾಡು ಮಾರಾಯ್ತಿ" ಎಂದು ಅವಳ ಅತ್ತೆ ಒಳಗಿನಿಂದ ಹೇಳಿದರೂ ಅವಳು ಕೂರಲಿಲ್ಲ. ಸೊಂಟ ನೋಯುವವರು ಬೇಗ ಒಪ್ಪುತ್ತಾರೆ ಎಂಬುದು ನನ್ನ ಅನುಭವ.

"ಟೀಚರ್, ಧನ್ವಿಗೆ ಕಲಿಸುವುದು ಯಾರು? ನೀವಾ?" ಎಂದು ಕೇಳಿದಳು.

ನಾನು ಆಡಳಿತ, ಸಭೆ, ಕಂಪ್ಯೂಟರಿಗೆ ತುಂಬಿಸಬೇಕಾದ ಮಾಹಿತಿ ಎಂದೆಲ್ಲ ಸುತ್ತಿ ಬಳಸಿ, ನಮ್ಮ ಕಿರಿಯ ಟೀಚರ್ ಬಹಳ ಒಳ್ಳೆಯವರು ಎಂದೆ.

"ಮನೆಯಲ್ಲಿ ಬರೀ ತುಳು ಇದ್ದ ನನಗೆ ಶಾಲೆಯ ಕನ್ನಡ ಕೇಳಿದರೆ ಅಳು ಬರ್ತಿತ್ತು. ನೀವು ನನ್ನ ಹತ್ತಿರ ನೆಲದಲ್ಲೇ ಕೂತು, ತುಳುವಿನಲ್ಲಿ ಕಥೆ ಹೇಳಿ ಹೇಳಿ ಕನ್ನಡ ಕಲಿಸಿದ್ದು. ಆ ಟೀಚರ್ ಇದ್ದರೆ ಕಳಿಸ್ತೇನೆ. ಆಫೀಸಿನಲ್ಲಿ ಕೂತ ಟೀಚರಾದರೆ ಬಸ್ಸೇ ಸಾಕು."

ಮೊದಲು ನನಗೆ ಕೋಪ ಬಂತು. ಆಮೇಲೆ ಹೊಟ್ಟೆಕಿಚ್ಚು, ಅವಳು ಹೊಗಳುತ್ತಿದ್ದ ತೋಡಾರಿನ ಆ ಟೀಚರ ಮೇಲೆ. ಆ ಹೆಂಗಸಿಗೆ ಇಡೀ ದಿನ ಮಕ್ಕಳಿದ್ದರು, ನನಗೆ ಇದ್ದದ್ದು ಮೊಟ್ಟೆ. ಗಂಟಲು ಕಟ್ಟುವ ಆ ಗದ್ದಲ ನನಗೆ ಬೇಕಾಗಿತ್ತು, ಎಷ್ಟು ಬೇಕಾಗಿತ್ತೆಂದು ಆ ಜಗಲಿಯಲ್ಲಿ ತಿಳಿಯಿತು.

"ಬೆಳಿಗ್ಗೆಯ ಪಾಠ ದಿನಾ ನಾನೇ ಮಾಡ್ತೇನೆ" ಎಂದೆ.

"ಮೀಟಿಂಗ್ ಉಂಟು ಅಂತ ಕರೆದರೆ?"

"ಪಾಠ ಮುಗಿಸಿ ಹೋಗ್ತೇನೆ."

"ತಡ ಆದರೆ ಮೇಲಿನವರು ಬೈಯುವುದಿಲ್ವಾ?"

"ಬೈಯಲಿ."

ಶಶಿಕಲಾ ಕಂಬ ಬಿಟ್ಟು, ಕುರ್ಚಿಯೊಂದನ್ನು ಎಳೆದು, ನನ್ನ ಎದುರೇ ಕೂತಳು. ಮಗಳನ್ನು ಒಪ್ಪಿಸುವ ತಾಯಿಗೆ ಕೇಳುವುದು ಬಹಳ ಇತ್ತು: ಮಗು ಅತ್ತರೆ ಏನು ಮಾಡುತ್ತೀರಿ, ಊಟ ಬಿಟ್ಟರೆ ಯಾರು ನೋಡುತ್ತಾರೆ, ಇಂಗ್ಲಿಷ್ ಯಾವಾಗ ಶುರು. ಎಲ್ಲದಕ್ಕೂ ವಿಧೇಯಳಾಗಿ ಉತ್ತರ ಕೊಡುತ್ತಾ ಹೋದೆ. "ಟೀಚರ್, ನೀವು ಯಾಕೆ ನಿಂತದ್ದು?" ಎಂದು ಅತ್ತೆ ಬಂದು ಕೇಳಿದಾಗಲೇ ನಾನು ಎದ್ದು ನಿಂತಿರುವುದು ನನ್ನ ಗಮನಕ್ಕೆ ಬಂತು.

ಜೂನಿನಲ್ಲಿ ಒಂದನೇ ತರಗತಿಗೆ ಧನ್ವಿ ಒಬ್ಬಳೇ ಬಂದಳು, ಬಂದವಳೇ ಅಳಲು ಶುರು ಮಾಡಿದಳು. ನಾನು ನೆಲದಲ್ಲಿ ಕೂತೆ, ತುಳುವಿನಲ್ಲಿ ನರಿಯ ಕಥೆ ತೆಗೆದೆ. ಕಥೆ ಮುಗಿದು ಗಂಟೆ ಹೊಡೆಯಿತು, ಅವಳು ಎದ್ದಳು, ನನ್ನ ಮೊಣಕಾಲು ಮಾತ್ರ ಏಳಲು ಒಪ್ಪಲಿಲ್ಲ. ಆಕೆ ಹತ್ತಿರ ಬಂದು ಎರಡೂ ಕೈ ಚಾಚಿ, "ಲಕ್ಕ್‌ಲೆ ಟೀಚರ್" ಎಂದು ತುಳುವಿನಲ್ಲೇ ಗದರಿದಳು.

"ಕನ್ನಡದಲ್ಲಿ ಹೇಳು, ಏಳ್ತೇನೆ" ಎಂದೆ.

ನನ್ನ ಎರಡೂ ಕೈ ಹಿಡಿದೆಳೆಯುತ್ತಾ, "ಏಳಿ" ಎಂದಳು.

ಎದ್ದೆ.